ಹೊಂಬಾಳವ್ವನ ಕೊಂಬಿನ ವಯಸ್ಸು

ನಮ್ಮತ್ತೆ ಹೊಂಬಾಳವ್ವ ಒಂಬತ್ತು ದಿನ ಕೊಂಬು ಮುಟ್ಟದೆ ಕೂತಿದ್ದಳು ಅಂದರೆ, ಆ ಒಂಬತ್ತೂ ದಿನ ಪಕ್ಕದಲ್ಲೇ ಇದ್ದ ನಮ್ಮ ಕೇರಿಯವರೇ ಈಗ ನಂಬುವುದಿಲ್ಲ. ನಾನು ನಂಬುತ್ತೇನೆ. ಆ ದಿನಗಳಲ್ಲಿ ಆಕೆಗೆ ಮುದ್ದೆ ಮುರಿದು ಕೊಟ್ಟವಳು ನಾನು. ಉಣ್ಣುವಾಗಲೂ ಆಕೆಯ ಬಲಗೈ ಗಾಳಿಯಲ್ಲಿ ಮುಂದಕ್ಕೂ ಹಿಂದಕ್ಕೂ ಜಾರುತ್ತಿತ್ತು.

ಓದಿಕೊಂಡವರು ಅದನ್ನು ಟ್ರಾಂಬೋನ್ ಅನ್ನುತ್ತಾರೆ. ನಮ್ಮ ಬ್ಯಾಂಡ್ ಕೇರಿಯಲ್ಲಿ ಅದು ಎಳೆಗೊಂಬು. ಹಿತ್ತಾಳೆಯದು, ಒಂದು ಕೊಳವೆಯ ಮೇಲೆ ಇನ್ನೊಂದು ಜಾರುವಂಥದು. ಮುಂದಕ್ಕೆ ಚಾಚಿದರೆ ಸ್ವರ ತಗ್ಗುತ್ತದೆ, ಎದೆಯತ್ತ ಎಳೆದುಕೊಂಡರೆ ಏರುತ್ತದೆ. ಮೊದಲು ಊದುತ್ತಿದ್ದವರು ಮಾವ. ಮೇಲುಬೀದಿಯ ಮದುವೆ ಮೆರವಣಿಗೆಯೊಂದರಲ್ಲಿ ಮದುಮಗನ ಕುದುರೆ ಹಿಂದಕ್ಕೆ ಸರಿದು ಕೊಳವೆಗೆ ಒದ್ದು ಮಾವನ ಮುಂದಿನ ನಾಲ್ಕು ಹಲ್ಲು ಉದುರಿದವಂತೆ. ಮೆರವಣಿಗೆ ನಿಲ್ಲಲಿಲ್ಲ. ತಲೆಯ ಮೇಲೆ ಗ್ಯಾಸ್‌ಲೈಟು ಹೊತ್ತು ನಡೆಯುತ್ತಿದ್ದ ಅತ್ತೆಮ್ಮ ಅದನ್ನು ರಸ್ತೆಯ ನಡುವೆ ಇಳಿಸಿ, ಗಂಡನ ಬಾಯಿಗೆ ಸೆರಗು ಒತ್ತಿ, ಇನ್ನೊಂದು ಕೈಯಲ್ಲಿ ಕೊಂಬು ತಗೊಂಡಳಂತೆ. ಮನೆಯಲ್ಲಿ ಕೇಳಿ ಕೇಳಿ ಸ್ವರಗಳೆಲ್ಲ ಆಕೆಯ ತೋಳಿಗೆ ಗೊತ್ತಿದ್ದವು. 'ನನ್ ಹಲ್ಲು ಗಟ್ಟಿ ಅವೆ' ಅಂದಳಂತೆ, ಅಷ್ಟೆ. ಆವತ್ತಿನಿಂದ ಮಾವನ ಕೆಂಪು ಕೋಟು, ಪಟ್ಟಿ ಟೋಪಿ, ಕೊಂಬು ಮೂರೂ ಆಕೆಯವು.

ಇನ್ನು ನಮ್ಮ ಊರಿನ ವಿಚಾರ. ನಮ್ಮೂರಲ್ಲಿ ನೂರು ತುಂಬಿದ ವಸ್ತು ಬೆಚ್ಚಗಾಗುತ್ತದೆ. ಸುಡುವುದಿಲ್ಲ, ಮಗು ಎದ್ದು ಹೋದ ಮಡಿಲಿನಷ್ಟು ಬೆಚ್ಚಗೆ. ತೊಟ್ಟಿಲು, ಬೀಸುಕಲ್ಲು, ಬಾಗಿಲು, ಗಿಂಡಿ, ಯಾವುದಾದರೂ ಸರಿ. ಬೆಟ್ಟ, ಬಂಡೆ, ಹೊಲದ ಮಣ್ಣು ಎಷ್ಟೇ ಹಳತಾದರೂ ತಣ್ಣಗೇ ಇರುತ್ತವೆ. ಮನುಷ್ಯರ ಬದುಕು ನೂರು ವರ್ಷ ಒಳಹೊಕ್ಕಿದ್ದಕ್ಕೆ ಮಾತ್ರ ಬಿಸುಪು. ಚಳಿಗಾಲ ಬಂತೆಂದರೆ ಮೇಲುಬೀದಿಯ ಮುದುಕರು ತಮ್ಮ ಕಂಬಗಳಿಗೆ ಮಂಡಿ ಒತ್ತಿಕೊಂಡು ಕೂರುತ್ತಾರೆ. ಅವರ ಸೊಸೆಯಂದಿರು ಹಸುಗೂಸುಗಳನ್ನು ಹಳೆಯ ಪೆಟ್ಟಿಗೆಯ ಮೇಲೆ ಮಲಗಿಸಿ ಬೇರೆ ಕೆಲಸ ನೋಡುತ್ತಾರೆ. ಊರ ಕಟ್ಟೆಯ ನ್ಯಾಯವೂ ಇದರ ಮೇಲೆಯೇ ನಿಂತಿದೆ. ಬೆಚ್ಚನೆಯದೊಂದನ್ನು ತಂದು ಮುಂದಿಟ್ಟುಕೊಂಡು ಅದರ ಮೇಲೆ ಕೈ ಇಟ್ಟವರಿಗೆ ಮಾತ್ರ ಕಟ್ಟೆಯಲ್ಲಿ ಮಾತು. ಬೆಚ್ಚಗಾದದ್ದನ್ನು ಅದರ ಮನೆಯವರ ಒಪ್ಪಿಗೆಯಿಲ್ಲದೆ ಯಾರೂ ಕದಲಿಸುವಂತಿಲ್ಲ. ಯಜಮಾನರ ಮನೆಯ ಹೊಸ್ತಿಲು ಬೆಚ್ಚಗಾಗಿದೆ ಅಂತ ಊರಿನ ರಸ್ತೆಯೇ ಅಲ್ಲಿ ಮೂರು ಮಾರು ಸೊಟ್ಟಗೆ ಹೋಗಿದೆ.

ನಮ್ಮ ಕೇರಿಯಲ್ಲಿ ಬೆಚ್ಚಗಾದದ್ದು ಒಂದೂ ಇರಲಿಲ್ಲ. ನಾವು ಜೋಪಾನ ಮಾಡುವ ಜನ ಅಲ್ಲವಂತೆ, ಮೇಲುಬೀದಿಯವರು ಹೇಳುತ್ತಾರೆ. ಮಡಕೆಯಲ್ಲೇ ಉಣ್ಣಬೇಕು ಅಂತ ಕಟ್ಟಲೆ ಮಾಡಿದವರು ಯಾರು? ಹೆಂಚು ಹೊದಿಸಬಾರದು, ಗರಿಯೇ ಇರಬೇಕು ಅಂದವರು ಯಾರು? ಮಡಕೆ ನೂರು ವರ್ಷ ಬಾಳುತ್ತದೆಯೇ, ಗರಿ ಬಾಳುತ್ತದೆಯೇ? ಅವರ ಕಂಬಗಳನ್ನು ಕಾಡಿನಿಂದ ಹೊತ್ತು ತಂದವರು ನಮ್ಮ ತಾತಂದಿರು. ಬಿಸುಪು ಮಾತ್ರ ಅವರ ತೊಟ್ಟಿಮನೆಯಲ್ಲಿ ಉಳಿಯಿತು. ಹೀಗಾಗಿ ಕಟ್ಟೆಯ ಮೆಟ್ಟಿಲ ಕೆಳಗೆ ನಿಂತು ಬ್ಯಾಂಡು ಬಾರಿಸಿದ್ದೇವೆ, ಮೆಟ್ಟಿಲು ಹತ್ತಿ ಮಾತಾಡಿದ್ದಿಲ್ಲ.

ಆ ವರ್ಷ ಮಾತಾಡಲೇಬೇಕಾದ ದಿನ ಬಂತು. ಕೇರಿಯ ಹಿಂದೆ ನಮ್ಮ ಗುಡ್ಡೆ ಇದೆ, ನಮ್ಮ ಸತ್ತವರು ಮಲಗುವ ಜಾಗ. ತುಂಬ ಚಿಕ್ಕದು. ತಾತನ ಗುಂಡಿಯ ಮೇಲೆಯೇ ಮೊಮ್ಮಗನನ್ನು ಮಲಗಿಸಬೇಕು, ಹಾಗೆ ಮಲಗಿಸಿಕೊಂಡೇ ಬಂದಿದ್ದೇವೆ. ನನ್ನ ಗಂಡ ಸೋಮಲಿಂಗ ಅಲ್ಲಿದ್ದಾನೆ. ದೊಡ್ಡ ಡ್ರಮ್ಮು ಬಾರಿಸುತ್ತಿದ್ದವನು, ಎಂಟು ವರ್ಷದ ಹಿಂದೆ ಮೂರೇ ದಿನದ ಜ್ವರಕ್ಕೆ ಹೋದ. ಅತ್ತೆಮ್ಮ ದಿನಾ ಸಂಜೆ ಅಲ್ಲಿಗೆ ಹೋಗಿ, ಚಪ್ಪಲಿ ಬಿಟ್ಟು, ಮಗನ ತಲೆದೆಸೆಯಲ್ಲಿ ಕೂತು ಒಂದು ಹೊತ್ತು ಕೊಂಬು ಊದಿ ಬರುತ್ತಿದ್ದಳು. ಮದುವೆಯ ಹಾಡಲ್ಲ, ಸಾವಿನದೂ ಅಲ್ಲ. ಡ್ರಮ್ಮಿನವನಿಗಾಗಿ ನಡುನಡುವೆ ಜಾಗ ಬಿಟ್ಟು ಊದುತ್ತಿದ್ದಳು. ವಾಪಸು ಬಂದು ಒಲೆ ಮುಂದೆ ಕೂರುವಾಗ, 'ಬೆಚ್ಚಗವ್ನೆ ಕನಾ ರಾಚಿ, ನನ್ ಮಗ ಬೆಚ್ಚಗವ್ನೆ' ಅನ್ನುತ್ತಿದ್ದಳು. ಹೆತ್ತ ಕರುಳು ಹಾಗೆ ಹೇಳಿಕೊಂಡು ಸಮಾಧಾನ ಪಡುತ್ತದೆ ಅಂತ ನಾನು ಸುಮ್ಮನಿರುತ್ತಿದ್ದೆ. ಚಳಿಗಾಲದಲ್ಲಿ ಕೇರಿಯ ನಾಯಿಗಳೆಲ್ಲ ಅಲ್ಲೇ ಹೋಗಿ ಮಲಗುತ್ತಿದ್ದವು. ಅದನ್ನೂ ನೋಡಿದ್ದೆ, ನೋಡಿ ಸುಮ್ಮನಿದ್ದೆ.

ಕಟ್ಟೆಯ ಯಜಮಾನ ಗುರುಪಾದಪ್ಪ ಆ ಗುಡ್ಡೆಯನ್ನು ಮಟ್ಟ ಮಾಡಿಸಿ ಸಂತೆಮಾಳ ಮಾಡುವುದು ಅಂತ ಗೊತ್ತು ಮಾಡಿದರು. ಡಂಗುರ ಹೊಡೆಯಲು ನಮ್ಮವನನ್ನೇ ಕರೆದರು. ನಮ್ಮ ಗುಂಡಿಗಳನ್ನು ಅಗೆಯುವ ಸುದ್ದಿಯನ್ನು ನಮ್ಮ ತಮಟೆಯಲ್ಲೇ ನಮಗೆ ಕೇಳಿಸಿದರು. ಹನ್ನೆರಡು ದಿನಕ್ಕೆ ಗುದ್ದಲಿ.

'ಮಾತಾಡಕ್ಕೆ ಬೆಚ್ಚಗಿರೋದೊಂದು ಬೇಕಲ್ಲ' ಅಂತ ಕೇರಿಯವರೆಲ್ಲ ನಮ್ಮ ಮನೆ ಮುಂದೆ ಸೇರಿದರು. ಎಲ್ಲರ ಕಣ್ಣೂ ಗೋಡೆಗೆ ನೇತುಹಾಕಿದ್ದ ಕೊಂಬಿನ ಮೇಲೆ. ಯಾವುದೋ ರೆಜಿಮೆಂಟು ಊರು ಬಿಟ್ಟು ಹೋಗುವಾಗ ಬಾವಿಯ ಪಕ್ಕ ಬಿಟ್ಟುಹೋದದ್ದನ್ನು ಮಾವನ ಅಪ್ಪ ಎತ್ತಿಕೊಂಡು ಬಂದಿದ್ದರಂತೆ. ನೂರಾಹತ್ತು ವರ್ಷ ಆಗಿದೆ ಅಂತ ಕೇರಿಯ ಹೆಮ್ಮೆ. ಆದರೆ ಬೆಚ್ಚಗಿದೆಯೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಊದಿದ ಕೊಂಬು ಊದುವವರ ಉಸಿರಿಗೇ ಬೆಚ್ಚಗಾಗುತ್ತದೆ, ಅತ್ತೆಮ್ಮನೋ ಒಂದು ದಿನವೂ ಅದನ್ನು ತಣ್ಣಗಾಗಲು ಬಿಟ್ಟವಳಲ್ಲ.

ಊದುವ ವಾದ್ಯದ ವಯಸ್ಸು ನೋಡುವುದಕ್ಕೆ ಕಟ್ಟೆಯವರದೇ ಒಂದು ಕ್ರಮ ಇದೆ. ಒಂಬತ್ತು ದಿನ ಕೈಯೂ ಉಸಿರೂ ತಾಕದ ಹಾಗೆ ಇಟ್ಟು, ಹತ್ತನೆಯ ದಿನ ಅಂಗೈ ನರಹರಯ್ಯನವರ ಮುಂದಿಡಬೇಕು. ಊರಿನ ವಸ್ತುಗಳ ವಯಸ್ಸು ಹೇಳುವುದು ಅವರ ಮನೆತನದ ಕೆಲಸ. ಬಲ ಅಂಗೈಗೆ ಸದಾ ಬಿಳಿ ಅರಿವೆ ಸುತ್ತಿಕೊಂಡಿರುತ್ತಾರೆ, ವಯಸ್ಸು ನೋಡುವಾಗ ಮಾತ್ರ ಬಿಚ್ಚುತ್ತಾರೆ. ಮುನ್ನೂರು ವರ್ಷದ ಗಿಂಡಿಗೂ ನೂರರ ಗಿಂಡಿಗೂ ಬಿಸುಪಿನ ವ್ಯತ್ಯಾಸ ಆ ಅಂಗೈಗೆ ಗೊತ್ತು.

'ನಾಳಿಂದ ಮಡಗಾನ' ಅಂದಳು ಅತ್ತೆಮ್ಮ. ನನಗೆ ಮಾತ್ರ ಧೈರ್ಯ ಸಾಲಲಿಲ್ಲ. ಕೇರಿಯ ವಾದ್ಯಗಳ ರಿಪೇರಿ ಮಾಡುವವಳು ನಾನು. ತಗ್ಗು ಎತ್ತುವುದು, ತೂತಿಗೆ ತೇಪೆ ಹಾಕಿ ಬೆಸುಗೆ ಹಚ್ಚುವುದು ನನ್ನ ಕೆಲಸ. ಬಾಯಿಮಾತಿನ ವಯಸ್ಸನ್ನು ನಂಬುವ ಕೈಯಲ್ಲ ನನ್ನದು. ಮಧ್ಯಾಹ್ನವೇ ಕೊಂಬನ್ನು ಸೀರೆಯಲ್ಲಿ ಸುತ್ತಿಕೊಂಡು ದಸ್ತಗೀರಣ್ಣನ ಅಂಗಡಿಗೆ ಹೋದೆ.

ದಸ್ತಗೀರಣ್ಣ ಟೈಲರು. ಅವರ ಅಂಗಡಿಯ ಜಗಲಿಯಲ್ಲಿ ಶನಿವಾರ ಶನಿವಾರ ನಾವು ಹತ್ತು ಹನ್ನೆರಡು ಜನ ಕೂತು ಓದುತ್ತಿದ್ದೆವು. ಸಿಕ್ಕಿದ ಪುಸ್ತಕ, ಹಳೆಯ ಪತ್ರಿಕೆ, ಬಟ್ಟೆ ಸುತ್ತಿ ಬಂದ ಕಾಗದ, ಯಾವುದನ್ನೂ ಬಿಡುತ್ತಿರಲಿಲ್ಲ. ಒಬ್ಬರು ಓದುವುದು, ಉಳಿದವರು ಜಗಳ ಆಡುವುದು. ನಾನು ಅಕ್ಷರ ಕಲಿತದ್ದೂ ಅಲ್ಲೇ, ಜಗಳ ಕಲಿತದ್ದೂ ಅಲ್ಲೇ.

'ಬಾರಮ್ಮ ರಾಚಮ್ಮ. ಯಾರ ಮಗೂನ ಹೊತ್ಕೊಂಡು ಬಂದೆ?' ಅಂದರು, ಮಿಷನ್ನಿನಿಂದ ಕಣ್ಣೆತ್ತದೆ.

'ಇದರ ವಯಸ್ಸು ಬೇಕಣ್ಣ.'

'ನಿಮ್ಮತ್ತೆನ ಕೇಳು. ಕೇಳಿದ್ರೆ ತನ್ನ ವಯಸ್ಸನ್ನೂ ಸೇರಿಸಿ ಹೇಳ್ತಾರೆ.'

'ಬರೆದದ್ದು ಬೇಕು.'

ಆಗ ಮಿಷನ್ನು ನಿಲ್ಲಿಸಿದರು. ಅಟ್ಟದ ಮೇಲಿಂದ ಒಂದು ಪುಸ್ತಕ ಇಳಿಸಿದರು. ಅವರ ತಂದೆ ಬ್ಯಾಂಡಿನವರ ಕೋಟು ಹೊಲಿಯುತ್ತಿದ್ದವರು. ಕೋಟಿನ ಜರಿಪಟ್ಟಿ, ಗುಂಡಿ ತರಿಸಲೆಂದು ದೂರದ ಕಂಪನಿಯೊಂದರ ಕ್ಯಾಟಲಾಗು ತರಿಸಿಕೊಂಡಿದ್ದರಂತೆ. ಹಿಂದಿನ ಪುಟಗಳಲ್ಲಿ ಕೋಟು, ಮುಂದಿನ ಪುಟಗಳಲ್ಲಿ ವಾದ್ಯ. ತಂದೆ ಹಿಂದಿನದನ್ನಷ್ಟೇ ಬಳಸಿದ್ದರು, ಮುಂದಿನ ಪುಟಗಳು ಇನ್ನೂ ಒಂದಕ್ಕೊಂದು ಅಂಟಿಕೊಂಡಿದ್ದವು. ದಸ್ತಗೀರಣ್ಣ ಕತ್ತರಿಯ ಬೆನ್ನಿನಿಂದ ಒಂದೊಂದೇ ಬಿಡಿಸಿದರು. ನಾಲ್ಕು ಎಳೆಗೊಂಬುಗಳ ಚಿತ್ರ ಇತ್ತು. ಇಂಗ್ಲಿಷಿನಲ್ಲಿದ್ದ ಸಣ್ಣಕ್ಷರವನ್ನು ಅವರು ಕೂಡಿಸಿಕೊಂಡು ಓದುವುದು, ನಾನು ಕೊಂಬಿನಲ್ಲಿ ಹುಡುಕುವುದು.

'ಮೊದಲನೇ ನಮೂನೆಗೆ ಎಂಜಲು ಬಿಡೋ ಕೀಲಿ ಇಲ್ಲ.'

'ನಮ್ದಕ್ಕೆ ಐತೆ. ಅದರ ಸ್ಪ್ರಿಂಗು ಲೆಕ್ಕಕ್ಕಿಲ್ಲ, ಅದು ಛತ್ರಿ ಕಡ್ಡಿಯಿಂದ ನಾನೇ ಮಾಡಿ ಹಾಕಿದ್ದು. ಆದ್ರೆ ಕೀಲಿಯ ಬುಡ ಹಳೇದು.'

'ಹಂಗಾದ್ರೆ ಮೊದಲನೇದು ಅಲ್ಲ. ಎರಡನೇದರ ಬಾಯಿ ಎಂಟು ಇಂಚು' ಅಂತ ಅವರು ಕತ್ತಿನಲ್ಲಿದ್ದ ಟೇಪು ತೆಗೆದು, ಅರಳಿದ ಬಾಯಿಯ ಅಗಲವನ್ನು ಮದುಮಗನ ಎದೆ ಅಳೆದ ಹಾಗೆ ಅಳೆದರು. ಆರೂಮುಕ್ಕಾಲು. ಎರಡನೆಯದೂ ಹೋಯಿತು. ನಾಲ್ಕನೆಯದಕ್ಕೆ ಶ್ರುತಿ ಸರಿಮಾಡುವ ತುಂಡು ಮುಂದಿನ ಕೊಳವೆಯಲ್ಲಿತ್ತು. ನಮ್ಮದಕ್ಕೆ ಹಿಂದಿನ ಬಾಗಿನಲ್ಲಿ. ಮೂರನೆಯ ಚಿತ್ರದಲ್ಲಿ ಬಾಯಿಯ ಅಂಚಿನ ಸುತ್ತ ವೀಳ್ಯದೆಲೆಯಂಥ ಎಲೆಗಳ ಸಾಲು ಕೊರೆದಿತ್ತು. ಕೊಂಬನ್ನು ಬಿಸಿಲಿಗೆ ಓರೆಯಾಗಿ ಹಿಡಿದೆ. ಉಗುರಿಗೆ ಮಾತ್ರ ಸಿಗುವಷ್ಟು ಮಾಸಲಾಗಿ ಎರಡು ಎಲೆ ಉಳಿದಿದ್ದವು.

'ಮೂರನೇ ನಮೂನೆ' ಅಂದರು ದಸ್ತಗೀರಣ್ಣ. ಇಷ್ಟು ವರ್ಷ ನನ್ನ ಕೈಯಲ್ಲೇ ಆಡಿದ ಕೊಂಬಿಗೆ ಕುಲಗೋತ್ರ ಸಿಕ್ಕ ಹಾಗೆ ನನ್ನ ಕಣ್ಣು ತುಂಬಿತು. ಅವರು ಪುಟದ ಕೆಳಗೆ ಬೆರಳಿಟ್ಟರು. 'ಆದ್ರೆ ಕೇಳು. ಈ ನಮೂನೆನ ನಲವತ್ತು ವರ್ಷ ಮಾಡಿದಾರೆ. ನೂರಾ ಇಪ್ಪತ್ತೂ ಇರಬಹುದು, ಎಂಬತ್ತೂ ಇರಬಹುದು. ಕೊಂಬಿನ ಮೇಲೆ ನಂಬರು ಇರುತ್ತಂತೆ. ಎಡಗೈ ಹಿಡಿಯೋ ಜಾಗದಲ್ಲಿ. ನಂಬರು ಗೊತ್ತಾದ್ರೆ ವರ್ಷ ಗೊತ್ತಾಗ್ತದೆ, ಪಟ್ಟಿ ಕೊಟ್ಟವ್ರೆ.'

ಕೊಂಬಿನ ಮೈಮೇಲೆ ಒಂದು ಅಕ್ಷರವೂ ಉಳಿದಿರಲಿಲ್ಲ. ಉಳಿಯುವುದಾದರೂ ಹೇಗೆ? ಪ್ರತಿ ಮದುವೆಯ ಹಿಂದಿನ ದಿನ ಹುಣಸೆಹಣ್ಣು, ಇಟ್ಟಿಗೆ ಪುಡಿ ಹಾಕಿ ತಿಕ್ಕುತ್ತಿದ್ದೆವು. 'ಹೊಳೀಬೇಕು, ಮುಖ ಕಾಣ್ಬೇಕು' ಅಂತ ಮೇಲುಬೀದಿಯವರ ತಾಕೀತು. ಅವರ ಮುಖ ಕಾಣಲಿ ಅಂತ ತಿಕ್ಕಿ ತಿಕ್ಕಿ ಕೊಂಬಿನ ಹುಟ್ಟನ್ನೇ ಅಳಿಸಿದ್ದೆವು. ಈಗ ಹುಟ್ಟು ಹೇಳಿ ಅಂತ ಕೇಳುತ್ತಿದ್ದವರೂ ಅವರೇ. ಎಡಗೈ ಹಿಡಿಯುವ ಜಾಗದಲ್ಲಿ ಇದ್ದದ್ದು ನನ್ನ ತೇಪೆ.

ಆ ತೇಪೆಯ ಮಾತು ಹೇಳಬೇಕು. ನಾನು ಮದುವೆಯಾಗಿ ಬಂದ ವರ್ಷ ಅತ್ತೆಮ್ಮನ ಕೈಬೆವರು ಹಿತ್ತಾಳೆಯನ್ನು ತಿಂದು ಅಲ್ಲಿ ತೂತಾಗಿತ್ತು. ನಾನು ತವರಲ್ಲಿ ಅಪ್ಪನಿಂದ ಬೆಸುಗೆ ಕಲಿತಿದ್ದೆ, ಆದರೆ ಒಬ್ಬಳೇ ಮಾಡಿರಲಿಲ್ಲ. ಸೋಮಲಿಂಗ ತಿದಿ ಒತ್ತಿದ, ನಾನು ಬೆಸುಗೆ ಹಚ್ಚಿದೆ. ಅವನು ಇದ್ದಿಲ ಬದಲು ನನ್ನ ಮುಖವನ್ನೇ ನೋಡುತ್ತಾ ಒತ್ತಿದ್ದರಿಂದ ಉರಿ ಹೆಚ್ಚಾಗಿ ತೇಪೆ ಸೊಟ್ಟಗೆ ಕೂತಿತು. ನಾನು ಅತ್ತುಬಿಟ್ಟೆ. ಅತ್ತೆಮ್ಮ ಆ ಸೊಟ್ಟ ತೇಪೆಯನ್ನು ಕೇರಿಯ ಮನೆಮನೆಗೂ ಒಯ್ದು ತೋರಿಸಿ, 'ನನ್ ಸೊಸೆ ಹಾಕಿರೋದು ನೋಡಿ' ಅಂದಿದ್ದಳು. ಆಮೇಲೆ ನಾನು ಕೈ ಪಳಗಿಸಿಕೊಂಡೆ. ತೆಗೆದು ಸರಿಯಾಗಿ ಹಾಕುತ್ತೇನೆ ಅಂದರೆ ಒಪ್ಪಲಿಲ್ಲ. ಅವನು ಹೋದ ಮೇಲೆ ನಾನೂ ಕೇಳಲಿಲ್ಲ.

'ತೇಪೆ ಕೆಳಗೆ ಇಪ್ಪತ್ತೆರಡು ವರ್ಷದಿಂದ ಹುಣಸೆಹಣ್ಣು ಹೋಗಿಲ್ಲ' ಅಂದರು ದಸ್ತಗೀರಣ್ಣ ಮೆಲ್ಲಗೆ.

ಅವರ ಇಸ್ತ್ರಿಪೆಟ್ಟಿಗೆಯ ಕೆಂಡದ ಮೇಲೇ ಕೊಳವೆ ಕಾಯಿಸಿದೆ. ಕೊಳವೆ ಈರುಳ್ಳಿ ಸಿಪ್ಪೆಯಷ್ಟು ತೆಳುವಾಗಿತ್ತು, ಕೈ ನಡುಗಿದರೆ ಹರಿದೇಹೋಗುತ್ತಿತ್ತು. ಬೆಸುಗೆ ಬೆವರಿ ಕರಗಿತು, ತೇಪೆ ಎದ್ದಿತು. ಒರೆಸಿದೆ. ತೂತಿನ ಸುತ್ತ ಐದು ಅಂಕಿ ನಿನ್ನೆ ಕೊರೆದಷ್ಟು ಸ್ಪಷ್ಟವಾಗಿದ್ದವು. ತೇಪೆ ಹಾಕಿದ ದಿನ ನನಗೆ ಅಕ್ಷರ ಬರುತ್ತಿರಲಿಲ್ಲ, ಅವು ಬರೀ ಗೀರುಗಳಾಗಿ ಕಂಡಿದ್ದವು. ದಸ್ತಗೀರಣ್ಣ ಪಟ್ಟಿಯಲ್ಲಿ ಬೆರಳು ಇಳಿಸಿದರು, ಇನ್ನೂ ಇಳಿಸಿದರು, ಕೊನೆಯಿಂದ ನಾಲ್ಕನೆಯ ಸಾಲಿನಲ್ಲಿ ನಿಲ್ಲಿಸಿದರು. ಕ್ಯಾಟಲಾಗು ಅಚ್ಚಾದದ್ದಕ್ಕೆ ನಾಲ್ಕು ವರ್ಷ ಮೊದಲು ಮಾಡಿದ ಕೊಂಬು. ಕ್ಯಾಟಲಾಗು ಅಚ್ಚಾಗಿ ಬಂದದ್ದು ಕೆರೆ ಒಡೆದ ವರ್ಷ ಅಂತ ಅವರ ತಂದೆ ಮೊದಲ ಪುಟದಲ್ಲಿ ಬರೆದಿದ್ದರು. ಕೆರೆ ಒಡೆದು ಎಂಬತ್ತು ವರ್ಷ.

'ಎಂಬತ್ನಾಲ್ಕು' ಅಂದೆ.

'ಎಂಬತ್ನಾಲ್ಕು' ಅಂದರು. ಕ್ಯಾಟಲಾಗು ಮಡಚಿದರು. ಆಮೇಲೆ, 'ಹೇಳಿಬಿಡು ರಾಚಮ್ಮ. ಆ ಮುದುಕಿನ ಒಂಬತ್ತು ದಿನ ಸುಮ್ನೆ ಒಣಗಿಸಬೇಡ' ಅಂದರು.

ನಾನು ಅದೇ ತೇಪೆಯನ್ನು ಅದೇ ಸೊಟ್ಟಗೆ ಮತ್ತೆ ಕೂರಿಸಿ ಮನೆಗೆ ಬಂದೆ. ಹೇಳಬೇಕು ಅಂತಲೇ ಬಂದೆ. ಬಂದರೆ ಕೇರಿಯ ಹೆಂಗಸರು ಕಟ್ಟೆಗೆ ಹೋಗುವ ದಿನ ಉಡಲು ಸೀರೆ ಒಗೆದು ಹರವಿದ್ದರು. ಮೆಟ್ಟಿಲು ಹತ್ತುವಾಗ ಯಾರ ಹಿಂದೆ ಯಾರು ಅಂತ ಗಂಡಸರು ತಕರಾರು ಮಾಡಿಕೊಳ್ಳುತ್ತಿದ್ದರು. ಹೇಳದೆ ಕೊಂಬನ್ನು ಗೋಡೆಗೆ ನೇತುಹಾಕಿದೆ.

ಕೊಂಬನ್ನು ಇಡುವುದೆಲ್ಲಿ ಅನ್ನುವುದೇ ಮರುದಿನದ ಪಂಚಾಯಿತಿ. ನಮ್ಮವು ಒಂದಂಕಣದ ಮನೆಗಳು, ಒಂದೊಂದರಲ್ಲಿ ಏಳೆಂಟು ಜನರ ಉಸಿರು, ನಡುವೆ ಒಲೆ. ಉಸಿರೂ ಬೆಂಕಿಯೂ ಇಲ್ಲದ ಜಾಗ ಅಂದರೆ ಗುಡ್ಡೆ ಒಂದೇ. ಸೋಮಲಿಂಗನ ತಲೆದೆಸೆಯ ಮಣ್ಣಿನ ಮೇಲೆ ಕೊಂಬನ್ನು ಅರಳುಬಾಯಿ ಕೆಳಗೆ ಮಾಡಿ ನಿಲ್ಲಿಸಿ, ಮೇಲೊಂದು ದೊಡ್ಡ ಕುಕ್ಕೆ ಕವುಚಿದೆವು. ಅತ್ತೆಮ್ಮ ಹತ್ತು ಮಾರು ದೂರದಲ್ಲಿ ಹುಣಸೆಮರದ ಬುಡಕ್ಕೆ ಕಾವಲು ಕೂತಳು.

ಮೊದಲ ಎರಡು ದಿನ ಕೇರಿಯವರು ಬಂದು ಆಕೆಯನ್ನು ಕಿಚಾಯಿಸಿದರು. 'ಹೊಂಬಾಳವ್ವ, ಇವತ್ತು ಕಿವಿಗೆ ಎಷ್ಟು ನೆಮ್ಮದಿ ಗೊತ್ತಾ' ಅಂದ ತಮಟೆಯ ಚೌಡಯ್ಯ. 'ನಿನ್ ಹೆಂಡ್ರುನೂ ಒಂಬತ್ತು ದಿನ ಕುಕ್ಕೆ ಕೆಳಗೆ ಮಡಗು, ಇನ್ನೂ ನೆಮ್ಮದಿ ಸಿಕ್ತದೆ' ಅಂದಳು ಆಕೆ. ಮೂರನೆಯ ದಿನದಿಂದ ಕಿಚಾಯಿಸುವವರೂ ಬರಲಿಲ್ಲ. ಸಂಜೆಯ ಆ ದನಿ ಇಲ್ಲದೆ ಕೇರಿಗೆ ಹೊತ್ತು ಮುಳುಗಿದ್ದೇ ಗೊತ್ತಾಗುತ್ತಿರಲಿಲ್ಲ. ಮಕ್ಕಳು ಕತ್ತಲಾದರೂ ಒಳಗೆ ಬರುತ್ತಿರಲಿಲ್ಲ. ಅತ್ತೆಮ್ಮನ ಉಸಿರಿಗೂ ಏನೋ ಆಯಿತು. ನಿಂತು ನಿಂತು ಎಳೆದುಕೊಳ್ಳತೊಡಗಿದಳು. 'ಊದ್ದೆ ಇದ್ರೆ ಎದೆಯೊಳಗೆ ಗಾಳಿ ಕೊಳೀತದೆ ಕನಾ' ಅಂದಳು. ಐದನೆಯ ದಿನ ಮಧ್ಯಾಹ್ನ ತಟ್ಟೆ ಹಾಗೇ ಇಟ್ಟುಕೊಂಡು ಕೂತಿದ್ದಳು. ಎಡಗೈ ಏನನ್ನೋ ಹಿಡಿದ ಹಾಗೆ ಮುಷ್ಟಿ, ಬಲಗೈ ಗಾಳಿಯಲ್ಲಿ. ತುಟಿಯನ್ನು ಬಿಗಿದು ಸದ್ದಿಲ್ಲದೆ ಊದುತ್ತಿದ್ದಳು, ಡ್ರಮ್ಮಿಗೆ ಬಿಡುವ ಜಾಗವನ್ನೂ ಬಿಡುತ್ತಿದ್ದಳು. ನನಗೆ ತಡೆಯಲಾಗಲಿಲ್ಲ.

'ಅತ್ತೆಮ್ಮ, ಕೊಂಬಿಗೆ ನೂರು ಆಗಿಲ್ಲ.'

ಕೈ ನಿಂತಿತು.

'ಎಂಬತ್ನಾಲ್ಕು. ನಂಬರು ನೋಡ್ದೆ. ಪುಸ್ತಕದಲ್ಲಿ ಐತೆ. ಮೊದಲೇ ಗೊತ್ತಾಯ್ತು, ಹೇಳಕ್ಕೆ ಆಗ್ಲಿಲ್ಲ. ಬೆಚ್ಚಗಾಗಕಿಲ್ಲ ಅದು.'

ಆಕೆ ಕುಕ್ಕೆಯ ಕಡೆ ತಿರುಗಿದಳು. 'ನಂಬರು ಎಲ್ಲಿತ್ತು?'

'ತೇಪೆ ಕೆಳಗೆ.'

'ತೇಪೆ ಬಿಚ್ಚಿದ್ಯಾ?'

'ಬಿಚ್ಚಿದೆ.'

'ಮತ್ತೆ ಹಾಕಿದ್ಯಾ?'

'ಅದೇ ತೇಪೆ. ಅದೇ ಥರ ಸೊಟ್ಟಗೆ.'

'ಸರಿ ಹಂಗಾರೆ' ಅಂದಳು. ತಟ್ಟೆ ಎಳೆದುಕೊಂಡು ಒಂದು ತುತ್ತು ಉಂಡಳು. ನಾನು ಅಳುತ್ತಿದ್ದೆ. 'ಅಳೋದ್ಯಾಕೆ? ಕಟ್ಟೆಗೆ ಹೋಗೋದು ಹೋಗೋದೆಯ. ತಣ್ಣಗದೆ ಅಂತ ಅವರ ಬಾಯಲ್ಲಿ ಅವರು ಹೇಳ್ಲಿ. ನಾವೇ ಯಾಕೆ ಇಲ್ಲಿ ಕೂತ್ಕಂಡು ಸೋಲ್ಬೇಕು? ನಮ್ಮೋರು ಒಂದ್ ದಿನನಾದ್ರೂ ಆ ಮೆಟ್ಲು ಹತ್ತಿ ಬರ್ಲಿ.'

ಹತ್ತನೆಯ ದಿನ ಬೆಳಿಗ್ಗೆ ಚಳಿ ಹೇಗಿತ್ತೆಂದರೆ ಹುಲ್ಲಿನ ಮೇಲೆಲ್ಲ ಬೆಳ್ಳಗೆ ಇಬ್ಬನಿ. ಗುಡ್ಡೆಯ ಮೇಲೆ ಮಾತ್ರ ಇರಲಿಲ್ಲ. ಕುಕ್ಕೆ ಎತ್ತಿ ಕೊಂಬನ್ನು ಹಿಡಿದೆ, ಹಿಡಿದವಳೇ ಕೈ ಬಿಟ್ಟೆ. ಬೆಚ್ಚಗಿತ್ತು. ಮತ್ತೆ ಮುಟ್ಟಿದೆ. ಅರಳುಬಾಯಿ ಹೆಚ್ಚು ಬೆಚ್ಚಗೆ, ಮೇಲೆ ಹೋದಂತೆ ಕಡಿಮೆ. ರಿಪೇರಿಯವಳ ಕೈ, ಬಿಸಿ ಯಾವ ಕಡೆಯಿಂದ ಏರಿದೆ ಅಂತ ಅದಕ್ಕೆ ತಿಳಿಯುತ್ತದೆ. ಬಗ್ಗಿ ಮಣ್ಣಿನ ಮೇಲೆ ಅಂಗೈ ಊರಿದೆ. ಎಂಟು ವರ್ಷ ನಾನು ಅಲ್ಲಿಗೆ ಬಂದದ್ದುಂಟು, ಹೂವಿಟ್ಟದ್ದುಂಟು. ಚಪ್ಪಲಿ ಬಿಟ್ಟು ಕೂತವಳಲ್ಲ, ಅಂಗೈ ಊರಿದವಳಲ್ಲ.

'ದಿನಾ ಹೇಳ್ತಿರ್ಲಿಲ್ವಾ ನಾನು' ಅಂದಳು ಅತ್ತೆಮ್ಮ.

ತಾತನ ಮೇಲೆ ಮೊಮ್ಮಗ, ಅವನ ಮೇಲೆ ಅವನ ಮೊಮ್ಮಗ. ಅದು ಹೊಲದ ಮಣ್ಣಲ್ಲ. ಅದು ನಮ್ಮ ಜನ.

ಕೊಂಬಿನ ಬಾಯೊಳಗೆ ಹಸಿ ಮಣ್ಣಿನ ಒಂದು ಹೆಂಟೆ ಕಚ್ಚಿಕೊಂಡಿತ್ತು. ಒಂಬತ್ತು ದಿನದ ಕಿಲುಬು ಮೈತುಂಬ ಹತ್ತಿತ್ತು. ಅಭ್ಯಾಸಬಲ, ಸೆರಗಿನಿಂದ ತಿಕ್ಕಲು ಹೋದೆ. ಅತ್ತೆಮ್ಮ ಕೈ ಹಿಡಿದಳು. 'ಬುಡು. ಇವತ್ತು ಒರೆಸ್ಬೇಡ. ಒಳಗೂ ಬ್ಯಾಡ.' ಮೇಲುಬೀದಿಗೆ ಆ ಕೊಂಬು ಹೊಳೆಯದೆ ಹೋದದ್ದು ಅದೇ ಮೊದಲು.

ಕಟ್ಟೆಗೆ ಹೋಗುವಷ್ಟರಲ್ಲಿ ಎದುರುಗಾಳಿಗೆ ಹಿತ್ತಾಳೆ ತಣ್ಣಗೆ ಕೊರೆಯುತ್ತಿತ್ತು. ನಾವು ಅರವತ್ತು ಜನ ಮೆಟ್ಟಿಲ ಕೆಳಗೆ. ಅತ್ತೆಮ್ಮ ಕೆಂಪು ಕೋಟು, ಟೋಪಿ ಹಾಕಿಕೊಂಡು ಮೆಟ್ಟಿಲು ಹತ್ತಿದಳು, ಹಿಂದೆ ನಾನು. ಗುರುಪಾದಪ್ಪ ತಮ್ಮ ಬೆಚ್ಚನೆಯ ಮಣೆಯ ಮೇಲೆ ಕೂತು, 'ಏನು ಹೊಂಬಾಳು, ಯಾರ ಮದುವೆ?' ಅಂದರು. ಕಟ್ಟೆಯ ಮೇಲಿದ್ದವರು ನಕ್ಕರು.

'ನಿಮ್ಮನೇಲಿ ಯಾರಾದ್ರೂ ಉಳಿದಿದ್ರೆ ಹೇಳಿ, ಊದಾನ' ಅಂದಳು ಅತ್ತೆಮ್ಮ.

ನರಹರಯ್ಯ ಅಂಗೈಯ ಅರಿವೆ ಬಿಚ್ಚಿದರು. ಬಹಳ ವಯಸ್ಸಾಗಿದ್ದ ಮನುಷ್ಯ, ತಲೆ ಅಲ್ಲಾಡುತ್ತಿತ್ತು. ಅಂಗೈ ಮಾತ್ರ ಮಗುವಿನದರ ಹಾಗೆ ಮೆತ್ತಗೆ, ಕೆಂ‍ಪಗೆ. ಕೊಳವೆಯ ಮೇಲಿಟ್ಟರು, ಬಾಗಿನ ಮೇಲಿಟ್ಟರು, ತೇಪೆಯ ಮೇಲೂ ಇಟ್ಟರು.

'ತಣ್ಣಗಿದೆ. ಎಂಬತ್ತು ದಾಟಿದೆ, ತೊಂಬತ್ತಾಗಿಲ್ಲ' ಅಂದರು. ಐದು ಅಂಕಿ ನೋಡದೆ ಅಂಗೈಯಲ್ಲೇ ಅವರು ಅಷ್ಟು ಹೇಳಿದ್ದು ಕೇಳಿ ನನಗೆ ಆ ಕೈಯ ಮೇಲೆ ಗೌರವ ಬಂತು. ಕೆಳಗೆ ನಮ್ಮವರಲ್ಲಿ ಒಬ್ಬಳು ಬಿಕ್ಕಿದಳು.

'ಆಯ್ತಲ್ಲ' ಅಂತ ಗುರುಪಾದಪ್ಪ ಎದ್ದರು.

'ಪಾತ್ರೆ ಪದಾರ್ಥ ಆದರೆ ಒಳಗೂ ನೋಡಬೇಕು. ಬಿಸುಪು ಒಳಗಿನಿಂದ ಹೊರಡುತ್ತದೆ' ಅಂದರು ನರಹರಯ್ಯ. ಕೆಲಸವನ್ನು ಅರ್ಧಕ್ಕೆ ಬಿಡುವ ಮನುಷ್ಯ ಅಲ್ಲ. ಅರಳುಬಾಯೊಳಗೆ ಕೈ ಹಾಕಿ ತಡವಿದರು. ಹೆಂಟೆ ಕಳಚಿ ಅವರ ಅಂಗೈಗೆ ಬಿತ್ತು. ಕೈ ಹೊರಗೆ ತೆಗೆದರು. ಆ ಮಣ್ಣನ್ನು ನೋಡಿದರು. ಅವರ ತಲೆ ಅಲ್ಲಾಡುವುದು ನಿಂತದ್ದನ್ನು ನಾನು ಕಂಡೆ.

'ಇದು ಎಲ್ಲಿಯದು?'

'ನಮ್ಮ ಗುಡ್ಡೇದು ಅಯ್ನೋರೆ' ಅಂದೆ. 'ನಾವು ಹೂಳೋ ಜಾಗದ್ದು.'

ಕಟ್ಟೆಯ ಮೇಲಿದ್ದವರು ಹಿಂದಕ್ಕೆ ಸರಿದರು. 'ಕೈ ತೊಳ್ಕೊಳ್ಳಿ, ನೀರು ತನ್ನಿ' ಅಂತ ಯಾರೋ ಕೂಗಿದರು. ನೀರು ಬಂತು. ನರಹರಯ್ಯ ಕೈ ಚಾಚಲಿಲ್ಲ. ಮಣ್ಣಿನ ಮೇಲೆ ಬೆರಳುಗಳನ್ನು ಒಂದೊಂದಾಗಿ ಮಡಚಿ, ಕಣ್ಣು ಮುಚ್ಚಿ, ಮುಷ್ಟಿಯನ್ನು ಎದೆಗೆ ಇಟ್ಟುಕೊಂಡರು. ಅವರ ತಂದೆ, ತಾತ, ಯಾರೂ ಆ ಮಣ್ಣು ಮುಟ್ಟಿರಲಿಲ್ಲ. ಮುಟ್ಟದೆಯೇ ಅದು ತಣ್ಣಗಿದೆ ಅಂತ ಬರೆದಿದ್ದರು.

'ಗುರುಪಾದಪ್ಪ,' ಅಂದರು ಕಣ್ಣು ತೆರೆಯದೆ, 'ನಿನ್ನ ಹೊಸ್ತಿಲಿಗೆ ನೂರಾ ನಲವತ್ತು ಅಂತ ಹೇಳಿದವನು ನಾನು. ಈ ಕಟ್ಟೆಯ ಕಲ್ಲಿಗೆ ಇನ್ನೂರ ಅರವತ್ತು ಅಂತ ಹೇಳಿದ್ದು ನಮ್ಮಪ್ಪ. ಇದು ಅವೆರಡಕ್ಕಿಂತ ಹಿಂದಿನದು. ಎಷ್ಟು ಅಂತ ಹೇಳೋಕೆ ನನ್ನ ಕೈ ಸಾಲದು.'

'ಅದು ಮಣ್ಣು, ಅಯ್ನೋರೆ. ಮಣ್ಣು ಬೆಚ್ಚಗಾಗಲ್ಲ.'

'ಬೆಚ್ಚಗಿದೆ. ಬೇಕಾದರೆ ಹಿಡಿದು ನೋಡು' ಅಂತ ಮುಷ್ಟಿ ಬಿಚ್ಚಿ ಚಾಚಿದರು. ಗುರುಪಾದಪ್ಪ ಕೈ ಹಿಂದಕ್ಕೆ ಕಟ್ಟಿಕೊಂಡರು. ಊರೆಲ್ಲ ನೋಡುತ್ತಿತ್ತು. ಮುಟ್ಟಿದರೆ ಸೋಲು, ಮುಟ್ಟದೆ ಇಲ್ಲ ಅನ್ನುವ ಹಾಗಿಲ್ಲ. ಬೆಚ್ಚಗಾದದ್ದನ್ನು ಅದರ ಮನೆಯವರ ಒಪ್ಪಿಗೆಯಿಲ್ಲದೆ ಕದಲಿಸುವಂತಿಲ್ಲ ಅನ್ನುವ ಕಾನೂನನ್ನು ತಮ್ಮ ಹೊಸ್ತಿಲಿಗಾಗಿ ಮಾಡಿಸಿದ್ದವರು ಅವರ ತಾತನೇ.

ನರಹರಯ್ಯ ಮಣ್ಣನ್ನು ಅತ್ತೆಮ್ಮನ ಮುಂದೆ, ಕಟ್ಟೆಯ ಕಲ್ಲಿನ ಮೇಲೆ ಮೆಲ್ಲಗೆ ಇಟ್ಟರು. 'ಕೈ ಇಡಮ್ಮ. ಮಾತು ನಿಂದು.'

ಅತ್ತೆಮ್ಮ ಟೋಪಿ ತೆಗೆದಳು. ಮಣ್ಣಿನ ಮೇಲೆ ಕೈ ಇಟ್ಟಳು. ಕೆಳಗೆ ನಮ್ಮವರೆಲ್ಲ ಮೆಟ್ಟಿಲಿಗೆ ಒತ್ತಿ ನಿಂತರು. ಇಷ್ಟು ತಲೆಮಾರಿನ ಮಾತು, ಎಲ್ಲಿಂದ ಶುರು ಮಾಡುತ್ತಾಳೋ ಅಂತ. ಆಕೆ ಗುರುಪಾದಪ್ಪನ ಕಡೆ ನೋಡಿ, 'ಮಲಗಿರೋರ್ನ ಎಬ್ಬಿಸ್ಬೇಡಿ' ಅಂದಳು. ಆಮೇಲೆ ನರಹರಯ್ಯನ ಕಡೆ ತಿರುಗಿ, 'ಅಯ್ನೋರೆ, ನೋಡೋದಾಗಿದ್ರೆ ನನ್ ಕೊಂಬು ಕೊಡಿ. ಒಂಬತ್ತು ದಿನ ಆಯ್ತು' ಅಂದಳು.

ಗುದ್ದಲಿ ಬರಲಿಲ್ಲ. ಸಂತೆ ಹಳೆಯ ಜಾಗದಲ್ಲೇ ನಡೆಯುತ್ತಿದೆ. ಚಳಿಗಾಲದಲ್ಲಿ ಕೇರಿಯ ಬಾಣಂತಿಯರು ಈಗ ಕೂಸುಗಳನ್ನು ಎತ್ತಿಕೊಂಡು ಗುಡ್ಡೆಗೆ ಹೋಗಿ, ಅವರವರ ಮನೆಯವರ ಮೇಲೆ ಮಲಗಿಸಿಕೊಂಡು ಕೂರುತ್ತಾರೆ. ಒಂದು ಸಂಜೆ ನರಹರಯ್ಯನವರೂ ಒಬ್ಬರೇ ಬಂದು, ಚಪ್ಪಲಿ ಬಿಟ್ಟು ಒಂದು ಮೂಲೆಯಲ್ಲಿ ಕೂತು ಹೋದರು.

ಆದರೆ ಆವತ್ತಿನ ಸಂಜೆಯದನ್ನು ಹೇಳಿ ಮುಗಿಸಬೇಕು. ಅತ್ತೆಮ್ಮ ಎಂದಿನ ಹಾಗೆ ಮಗನ ತಲೆದೆಸೆಯಲ್ಲಿ ಕೂತು ಕೊಂಬನ್ನು ತುಟಿಗಿಟ್ಟಳು. ಊದಿದಳು. ಎರಡು ಸ್ವರ ಬಂತು, ಮೂರನೆಯದಕ್ಕೆ ಉಸಿರು ಸಾಲಲಿಲ್ಲ. ಮತ್ತೆ ಊದಿದಳು, ಮತ್ತೆ ಎರಡೇ. ಒಂಬತ್ತು ದಿನದಲ್ಲಿ ಎದೆಯಿಂದ ಹೋದದ್ದು ವಾಪಸು ಬಂದಿರಲಿಲ್ಲ. ನಾನು ಆಕೆಯ ಬೆನ್ನು ಸವರಿದೆ. ಆಕೆ ಅಳುತ್ತಾಳೆ ಅಂದುಕೊಂಡೆ. ಆಕೆ ಲೆಕ್ಕ ಹಾಕುತ್ತಿದ್ದಳು.

'ಎಂಬತ್ನಾಲ್ಕು ಅಂದ್ಯಲ್ಲ. ಇನ್ನೆಷ್ಟು ನೂರಕ್ಕೆ?'

'ಹದಿನಾರು.'

'ಹದಿನಾರು ವರ್ಸ ನಾನಿರಕಿಲ್ಲ. ಸುಮ್ನೆ ಗೋಡೆಗೆ ನೇತಾಕಿದ್ರೆ ಬೆಚ್ಚಗಾದ್ರೂ ಏನು ಬಂತು' ಅಂತ ಊದುವ ಬಟ್ಟಲನ್ನು ಸೆರಗಿನಿಂದ ಒರೆಸಿ, ಕೊಂಬನ್ನು ನನ್ನ ತೊಡೆಯ ಮೇಲಿಟ್ಟಳು. 'ಹಿಡ್ಕೊ.'

'ನಂಗೆ ಊದಕ್ಕೆ ಬರಕಿಲ್ಲ ಅತ್ತೆಮ್ಮ. ರಿಪೇರಿ ಮಾತ್ರ.'

'ಎಡಗೈ ಅಲ್ಲಿ. ತೇಪೆ ಮೇಲೆ.'

ನಾನು ಚಪ್ಪಲಿ ಬಿಟ್ಟೆ. ಕಾಲಡಿಯ ಮಣ್ಣು ಬೆಚ್ಚಗಿತ್ತು. ತೇಪೆಯ ಸೊಟ್ಟ ಅಂಚು ಅಂಗೈಗೆ ಒತ್ತಿತು. ತುಟಿ ಬಿಗಿದು ಊದಿದೆ. ಎಮ್ಮೆ ಕೆಸರಿನಿಂದ ಕಾಲು ಕಿತ್ತ ಹಾಗೆ ಒಂದು ಸದ್ದು ಹೊರಟಿತು. ಮಲಗಿದ್ದ ನಾಯಿಗಳು ತಲೆ ಎತ್ತಿ ನೋಡಿದವು. ಕೇರಿಯ ಕಡೆಯಿಂದ ಚೌಡಯ್ಯ ಏನೋ ಕೂಗಿದ, ಅದನ್ನು ಬರೆಯುವ ಹಾಗಿಲ್ಲ. ಅತ್ತೆಮ್ಮ ನನ್ನ ಬಲ ಮೊಣಕೈ ಹಿಡಿದು ಮುಂದಕ್ಕೆ ಚಾಚಿ, ಅಲ್ಲೇ ತಡೆದು ನಿಲ್ಲಿಸಿದಳು.

'ಇಲ್ಲಿ ನಿಲ್ಲು' ಅಂದಳು. 'ಇದು ಅವನ ಜಾಗ.'